ತಾಂಡಾಕ್ಕೆ ಹಕ್ಕುಪತ್ರ, ನುಡಿಗೆ?

ಐರಿಷ್ ಸಮುದ್ರದ ಪುಟ್ಟ ದ್ವೀಪ ಮ್ಯಾನ್‌ನ ಕೆಲ್ಟಿಕ್ ನುಡಿ ಮ್ಯಾಂಕ್ಸ್. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ, ಮೀನುಗಾರ ನೆಡ್ ಮ್ಯಾಡ್ರೆಲ್, 1974ರಲ್ಲಿ ತೀರಿಕೊಂಡರು. 2009ರಲ್ಲಿ ಯುನೆಸ್ಕೊ ಆ ಭಾಷೆ ಅಳಿದಿದೆಯೆಂದು ದಾಖಲಿಸಿದಾಗ, ಮ್ಯಾಂಕ್ಸ್ ಮಾಧ್ಯಮದ ಶಾಲೆಯ ಮಕ್ಕಳು ಅದೇ ಭಾಷೆಯಲ್ಲಿ ಪತ್ರ ಬರೆದು, ಹಾಗಾದರೆ ಇದು ಯಾವ ಭಾಷೆಯೆಂದು ಕೇಳಿದರು. ಯುನೆಸ್ಕೊ ದಾಖಲೆಯನ್ನು ತಿದ್ದಿತು.

ಕಾಳಗಿ, ಚಿಂಚೋಳಿ ಭಾಗದ ತಾಂಡಾಗಳಲ್ಲಿ ಲಂಬಾಣಿ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಹೋಲಿಕೆ ಪೂರ್ಣವಲ್ಲ, ನಿಜ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯನ್ನು ತಾಯ್ನುಡಿಯೆಂದು ಹೇಳಿದವರು 32 ಲಕ್ಷಕ್ಕೂ ಹೆಚ್ಚು. ಆದರೆ ಅಷ್ಟೂ ಜನರನ್ನು ಸೇರಿಸಿದ್ದು ಹಿಂದಿಯ ಲೆಕ್ಕಕ್ಕೆ. ಹಿಂದಿಯ ಗಂಧಗಾಳಿಯಿಲ್ಲದ ತಾಂಡಾದ ಅಜ್ಜಿಯೂ ಅಲ್ಲಿ ಹಿಂದಿಯವಳೇ! ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನಾನು ಬಲ್ಲೆ: ಲೆಕ್ಕಶೀರ್ಷಿಕೆಯಿಲ್ಲದ್ದಕ್ಕೆ ಅನುದಾನವಿಲ್ಲ.

2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ವಿತರಿಸಲಾಯಿತು, ಒಳ್ಳೆಯ ಕೆಲಸ. ನೆಲಕ್ಕೆ ಸಿಕ್ಕ ಮಾನ್ಯತೆ ನುಡಿಗೆ ಸಿಕ್ಕಿಲ್ಲ. ಸ್ವಂತ ಲಿಪಿಯಿಲ್ಲವೆಂಬುದು ಬರೀ ನೆಪ; ಕರ್ನಾಟಕದಲ್ಲಿ ಕೊಂಕಣಿ, ತುಳುಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. 2027ರ ಜನಗಣತಿಯಲ್ಲಾದರೂ ಲಂಬಾಣಿ ಸ್ವತಂತ್ರ ಭಾಷೆಯಾಗಿ ಎಣಿಕೆಯಾಗಲಿ. ತಾಂಡಾದ ಅಂಗನವಾಡಿಗೆ ಆ ಮಾತು ಬಲ್ಲ ಕಾರ್ಯಕರ್ತೆಯನ್ನೇ ನೇಮಿಸಲಿ.