ಲೇಸರ್ ಆದ ಕಣ್ಣಿಗೆ ಎಷ್ಟು ಪವರಿನ ಲೆನ್ಸ್?

ಪೊರೆ ಆಪರೇಷನ್ನಿನಲ್ಲಿ ಕಣ್ಣೊಳಗೆ ಕೂರಿಸುವ ಲೆನ್ಸಿನ ಪವರನ್ನು ಮುಖ್ಯವಾಗಿ ಎರಡು ಅಳತೆಗಳು ನಿರ್ಧರಿಸುತ್ತವೆ: ಕಣ್ಣುಗುಡ್ಡೆಯ ಉದ್ದ, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗು. ಕನ್ನಡಕ ಬಿಡಲೆಂದು ಹಿಂದೆ ಲೇಸರ್ ಮಾಡಿಸಿಕೊಂಡವರಲ್ಲಿ ಈ ಎರಡನೆಯ ಅಳತೆ ದಾರಿ ತಪ್ಪಿಸುತ್ತದೆ.

ಲೇಸರ್ ಆದವರಿಗೆ ಪೊರೆ ಬರುವುದಿಲ್ಲ, ಬಂದರೆ ಆಪರೇಷನ್ ಆಗುವುದಿಲ್ಲ ಎಂಬ ಮಾತಿದೆ. ಎರಡೂ ಸುಳ್ಳು. ಲೇಸರ್ ಸವೆಸುವುದು ಕಾರ್ನಿಯಾವನ್ನು. ಪೊರೆ ಕಟ್ಟುವುದು ಅದರ ಹಿಂದಿರುವ ಸಹಜ ಮಸೂರದಲ್ಲಿ. ವಯಸ್ಸಾದಂತೆ ಅದು ಎಲ್ಲರಲ್ಲಿಯಂತೆ ಮಬ್ಬಾಗುತ್ತದೆ, ಅದನ್ನು ತೆಗೆಯಲೂ ಬರುತ್ತದೆ.

ಮಷೀನ್ ಕೊಟ್ಟ ನಂಬರ್ ತಪ್ಪಾಗದು ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ. ಕೆರಟೋಮೀಟರ್ ಅಳೆಯುವುದು ಕಾರ್ನಿಯಾದ ಮುಂಭಾಗವನ್ನಷ್ಟೇ. ಹಿಂಭಾಗದ ಬಾಗು ಅದಕ್ಕೆ ಇಂತಿಷ್ಟೇ ಅನುಪಾತದಲ್ಲಿದೆ ಎಂದು ಊಹಿಸಿ, 1.3375 ಎಂಬ ವಕ್ರೀಭವನ ಸೂಚ್ಯಂಕ ಹಿಡಿದು ಒಟ್ಟು ಪವರ್ ಹೇಳುತ್ತದೆ. ಮೈನಸ್ ನಂಬರಿನ ಲೇಸರ್ ಮುಂಭಾಗವನ್ನು ಚಪ್ಪಟೆ ಮಾಡಿ ಹಿಂಭಾಗವನ್ನು ಹೆಚ್ಚುಕಡಿಮೆ ಹಾಗೇ ಬಿಡುವುದರಿಂದ ಆ ಅನುಪಾತ ಉಳಿಯುವುದಿಲ್ಲ. 44 ಡಯಾಪ್ಟರ್ ಇದ್ದ ಕಾರ್ನಿಯಾದಲ್ಲಿ ಮೈನಸ್ 6ರ ಕನ್ನಡಕದ ನಂಬರ್ ತೆಗೆದರೆ ಉಳಿಯುವುದು ಸುಮಾರು 38.4, ಉಪಕರಣ ತೋರಿಸುವುದು 39ರ ಆಸುಪಾಸು. ಇದರ ಮೇಲೆ ಇನ್ನೊಂದು ತಪ್ಪು ಸೇರುತ್ತದೆ. ಲೆನ್ಸಿನ ಪವರ್ ಲೆಕ್ಕ ಹಾಕುವ ಎಸ್‌ಆರ್‌ಕೆ/ಟಿಯಂಥ ಸೂತ್ರಗಳು ಚಪ್ಪಟೆ ಕಾರ್ನಿಯಾ ಕಂಡರೆ ಹೊಸ ಲೆನ್ಸ್ ಮುಂದಕ್ಕೆ ಕೂರುತ್ತದೆಂದು ಭಾವಿಸಿ ಕಡಿಮೆ ಪವರ್ ಸಾಕೆನ್ನುತ್ತವೆ. ಲೆನ್ಸ್ ನಿಜವಾಗಿ ಕೂರುವ ಜಾಗವನ್ನು ಲೇಸರ್ ಬದಲಿಸಿರುವುದಿಲ್ಲ. ಎರಡು ತಪ್ಪೂ ಒಂದೇ ಕಡೆ ವಾಲುವುದರಿಂದ ಕಣ್ಣಿನಲ್ಲಿ ಪ್ಲಸ್ ನಂಬರ್ ಉಳಿಯುತ್ತದೆ: ದೂರವೂ ಮಬ್ಬು, ಹತ್ತಿರ ಇನ್ನೂ ಮಬ್ಬು. ಸ್ಪೇನಿನ ನೇತ್ರತಜ್ಞ ಅರಂಬೆರಿ 2003ರಲ್ಲಿ ಸೂಚಿಸಿದ ಡಬಲ್-ಕೆ ವಿಧಾನ ಲೆನ್ಸಿನ ಸ್ಥಾನಕ್ಕೆ ಲೇಸರಿಗಿಂತ ಹಿಂದಿನ ಬಾಗನ್ನೂ ಪವರಿಗೆ ಈಗಿನ ಬಾಗನ್ನೂ ಬಳಸಿ ಎರಡನೆಯ ತಪ್ಪನ್ನು ತಿದ್ದಿತು.

ಎಲ್ಲ ಹಳೆಯ ಚಿಕಿತ್ಸೆಗಳೂ ಒಂದೇ ಅಲ್ಲ. ಪ್ಲಸ್ ನಂಬರಿಗೆ ಲೇಸರ್ ಆಗಿದ್ದರೆ ತಪ್ಪು ತಿರುವುಮುರುವಾಗಿ ಮೈನಸ್ ಉಳಿಯುತ್ತದೆ. 1980ರ ದಶಕದಲ್ಲಿ ಬ್ಲೇಡಿನಿಂದ ಕಾರ್ನಿಯಾಕ್ಕೆ ಗೀರು ಹಾಕುತ್ತಿದ್ದ ರೇಡಿಯಲ್ ಕೆರಟಾಟಮಿಯ, ಅಂದರೆ ಆರ್‌ಕೆ ಕಣ್ಣುಗಳು ಇನ್ನೂ ತೊಡಕು. ಅಲ್ಲಿ ನಂಬರ್ ಬೆಳಗ್ಗೆ ಒಂದು, ಸಂಜೆ ಇನ್ನೊಂದು.

ಲೇಸರ್ ಕಾಲದ ಹಳೆಯ ಫೈಲ್ ಸಿಗದಿದ್ದರೆ ಲೆಕ್ಕವೇ ಆಗದು ಎಂದು ಹಲವರು ಕೈಚೆಲ್ಲುತ್ತಾರೆ. ಒಂದು ಕಾಲಕ್ಕೆ ಅದೇ ಆಧಾರವಾಗಿತ್ತು ನಿಜ. ಆದರೆ ಲೇಸರ್ ನಂತರದ ನಂಬರನ್ನು ಪೊರೆ ಶುರುವಾದ ಮೇಲೆ ಬರೆದಿಟ್ಟಿದ್ದರೆ ಆ ಫೈಲೇ ಮೋಸ ಮಾಡೀತು, ಏಕೆಂದರೆ ಪೊರೆಯೂ ನಂಬರ್ ಬದಲಿಸುತ್ತದೆ. ಹೈಗಿಸ್-ಎಲ್, ಶಮ್ಮಾಸ್, ಬ್ಯಾರೆಟ್ ಟ್ರೂ-ಕೆ ಸೂತ್ರಗಳು ಹಳೆಯ ದಾಖಲೆಯಿಲ್ಲದೆಯೂ ನಡೆಯುತ್ತವೆ. ಒಂದನ್ನೇ ನಂಬದೆ ಹಲವು ಸೂತ್ರಗಳ ಉತ್ತರ ಹೋಲಿಸಿ, ತುಸು ಮೈನಸ್ ಕಡೆಗೆ ಗುರಿಯಿಡುವುದು ವಾಡಿಕೆ. ಲೇಸರ್ ಆಗಿತ್ತೆಂದು ರೋಗಿ ಹೇಳುವುದು ಮಾತ್ರ ಬಹಳ ಮುಖ್ಯ. ಚೆನ್ನಾಗಿ ಮಾಸಿದ ಗುರುತು ಪರೀಕ್ಷೆಯಲ್ಲಿ ತಪ್ಪಿಹೋಗಬಹುದು.

ದುಬಾರಿ ಮಲ್ಟಿಫೋಕಲ್ ಲೆನ್ಸ್ ಹಾಕಿಸಿದರೆ ಕನ್ನಡಕದ ಗೊಡವೆಯಿಲ್ಲ ಎಂಬುದು ಈ ಕಣ್ಣುಗಳಿಗೆ ಸರಿಹೊಂದುವುದು ಅಪರೂಪ. ಸವೆದ ಕಾರ್ನಿಯಾ ಮೊದಲೇ ಬೆಳಕನ್ನು ಕದಡಿರುತ್ತದೆ. ಅದನ್ನು ಇನ್ನಷ್ಟು ಹಂಚುವ ಲೆನ್ಸಿನಿಂದ ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು ಹೆಚ್ಚುತ್ತದೆ.

ಪವರ್ ತಪ್ಪಿದರೂ ದಾರಿಯಿದೆ: ಕನ್ನಡಕ, ಮತ್ತೆ ಲೇಸರ್, ಮೇಲೊಂದು ಲೆನ್ಸ್, ಇಲ್ಲವೇ ಲೆನ್ಸ್ ಬದಲಾವಣೆ. ಬದಲಾವಣೆ ಬೇಗ ಆದಷ್ಟೂ ಸುಲಭ. ಆರ್‌ಕೆ ಕಣ್ಣಿನಲ್ಲಿ ಮಾತ್ರ ಅವಸರ ಸಲ್ಲದು. ಆಪರೇಷನ್ ಆದ ಹೊಸತರಲ್ಲಿ ಕಾಣುವ ಪ್ಲಸ್ ನಂಬರ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಯುತ್ತ ಹೋಗುತ್ತದೆ.