ಮಗ ಕೊಡಿಸಿದ ಗಡಿಯಾರ, ತಾಯಿಯ ಕೈಯ ಗಾಯ

ಕೈಗಡಿಯಾರ ಕಟ್ಟಿದವನಿಗೆ ಊರಲ್ಲಿ ಒಂದು ತೂಕ ಹೆಚ್ಚೆಂಬ ಕಾಲವೊಂದಿತ್ತು. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸತೊಡಗಿದ ಮೇಲೆ ಮದುವೆಯ ಚಪ್ಪರದಲ್ಲಿ ಅಳಿಯನ ಕೈಗೆ ವಾಚು ಕಟ್ಟುವುದು ಎಷ್ಟೋ ಮನೆಗಳಲ್ಲಿ ರೂಢಿಗೆ ಬಂತು. ಬಳಿಕ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಅತ್ತರಿನ ಕುಪ್ಪಿಯ ಜೊತೆಗೆ ವಾಚೂ ಬಂತು. ಈಗ ಬರುವುದು ಸ್ಮಾರ್ಟ್ ವಾಚು. ಗಂಟೆ ತೋರಿಸುವುದು ಅದಕ್ಕೆ ಸಣ್ಣ ಕೆಲಸ. ನಡೆದ ಹೆಜ್ಜೆ ಎಣಿಸುತ್ತದೆ, ನಾಡಿ ಎಣಿಸುತ್ತದೆ, ನಿದ್ದೆ ಎಷ್ಟು ಹೊತ್ತೆಂದು ಲೆಕ್ಕ ಒಪ್ಪಿಸುತ್ತದೆ. ಹಿಂದಿನ ವಾಚನ್ನು ಮಲಗುವಾಗ ಬಿಚ್ಚಿಡುತ್ತಿದ್ದೆವು. ಇದನ್ನಾದರೋ ಮಲಗುವಾಗಲೂ ಬಿಚ್ಚುವಂತಿಲ್ಲ. ತೊಂದರೆ ಹುಟ್ಟುವುದು ಇಲ್ಲಿಯೇ.

ಈ ವಿಷಯವನ್ನು ನಾವು ಬರೆಯಲು ಕಾರಣವಾದವರು ಕಾಸರಗೋಡಿನವರಲ್ಲ, ವಳಸಂಗದ ಒಬ್ಬ ತಾಯಿ.

ವಳಸಂಗವೆಂಬುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಅಂಗಡಿಯ ಹಲಗೆ ಮರಾಠಿಯಲ್ಲಿ, ಅಂಗಡಿಕಟ್ಟೆಯ ಮಾತು ಕನ್ನಡದಲ್ಲಿ. ನಮ್ಮ ಕುಂಬಳೆ, ಬದಿಯಡ್ಕದ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಲಗೆಯ ಲಿಪಿ ಮಾತ್ರ ಬೇರೆ. ಗೆಳೆಯರ ಮನೆಯ ಮದುವೆಗೆಂದು ನಾವು ಮಂಗಳೂರಿನಿಂದ ವಿಜಯಪುರದ ರೈಲು ಹಿಡಿದು, ಅಲ್ಲಿಂದ ಸೊಲ್ಲಾಪುರಕ್ಕೆ ಬಸ್ಸು ಹತ್ತಿ ಆ ಊರಿಗೆ ಹೋಗಿದ್ದೆವು. ವೈಶಾಖದ ಬಿಸಿಲು. ಆ ಸೀಮೆಯಲ್ಲಿ ಬೇಸಗೆಯ ಉಷ್ಣತೆ 42 ಡಿಗ್ರಿ ದಾಟುವುದು ಹೊಸತಲ್ಲ.

ಮದುವೆ ಮನೆಯ ಪಕ್ಕದ ಮನೆಯವರೇ ಆ ತಾಯಿ. ಜೋಳದ ರೊಟ್ಟಿ ತಟ್ಟುವುದರಲ್ಲಿ ಊರಿಗೇ ಹೆಸರಾದವರಂತೆ. ಆದರೆ ಅಂದು ಒಂದೇ ಕೈಯಲ್ಲಿ ತಟ್ಟುತ್ತಿದ್ದರು. ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಏನಾಯಿತೆಂದು ವಿಚಾರಿಸಿದೆವು.

“ಭಾಳ ತಿಂಡಿ ಅದರೀ” ಎಂದರು.

ತಿಂಡಿ ಬೇಕಾದಷ್ಟು ಇದೆ, ಉಪಚಾರ ಬೇಡ ಎಂದು ನಾವು ಸಂಕೋಚದಿಂದ ಹೇಳಿದಾಗ ಒಲೆಯ ಸುತ್ತ ಕುಳಿತವರೆಲ್ಲ ನಕ್ಕರು. ಆ ಕಡೆ ತಿಂಡಿ ಎಂದರೆ ತುರಿಕೆ! ಸೆರಗು ಸರಿಸಿದಾಗ ನಮ್ಮ ನಗು ನಿಂತಿತು. ಮಣಿಕಟ್ಟಿನ ಮೇಲ್ಗಡೆ ಚೌಕಾಕಾರದ ಕೆಂಪು ಕಲೆ. ಒಳಗಡೆ, ನಾಡಿ ಹಿಡಿಯುವ ಜಾಗದಲ್ಲಿ, ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ ನೀರ್ಗುಳ್ಳೆಗಳು ಒಡೆದು ರಸಿಕೆ ಒಸರುತ್ತಿತ್ತು.

ಹೊಲದಲ್ಲಿ ಕಾಂಗ್ರೆಸ್ ಹುಲ್ಲು ಕಿತ್ತದ್ದರಿಂದ ಹೀಗಾಯಿತೆಂದು ಮನೆಯವರ ತೀರ್ಮಾನ. ಸುಣ್ಣ ಹಚ್ಚಿದ್ದರು, ನಿಂಬೆರಸ ಹಿಂಡಿದ್ದರು, ಔಷಧದ ಅಂಗಡಿಯಿಂದ ಯಾವುದೋ ಮುಲಾಮು ತಂದು ತಿಕ್ಕಿದ್ದರು. ಮುಲಾಮು ಹಚ್ಚಿದಾಗ ಇಳಿಯುವುದು, ಬಿಟ್ಟಾಗ ಇಮ್ಮಡಿಯಾಗಿ ಏಳುವುದು. ಹೀಗೆ ಎರಡು ತಿಂಗಳು ಕಳೆದಿತ್ತು.

ಗಾಯದ ಆಕಾರವೇ ಸಾಕ್ಷಿ

ಕಾಂಗ್ರೆಸ್ ಹುಲ್ಲಿನ ಮೇಲೆ ಸಂಶಯ ಬಂದದ್ದರಲ್ಲಿ ತಪ್ಪಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶಕ್ಕೆಲ್ಲ ಹಬ್ಬಿದ ಈ ಕಳೆಯನ್ನು ಮರಾಠಿಯವರು ಗಾಜರ ಗವತವೆನ್ನುತ್ತಾರೆ. ಇದರ ದೆಸೆಯಿಂದ ಚರ್ಮರೋಗ ಹಿಡಿದ ರೈತರು ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಬಹಳ ಮಂದಿ. ಆದರೆ ಅದರ ಹುಡಿ ಗಾಳಿಯಲ್ಲಿ ಬಂದು ಕೂರುವುದು ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ. ಅದಕ್ಕೆ ಚೌಕ ಬರೆಯಲು ಬಾರದು.

ಮುಟ್ಟಿದ್ದರಿಂದ ಬರುವ ಚರ್ಮರೋಗ ತನ್ನ ಕಾರಣದ ಚಿತ್ರವನ್ನು ತಾನೇ ಬರೆದು ತೋರಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಸೈನಿಕರಿಗೆ ಕುತ್ತಿಗೆಯ ಹಿಂದೆ ವಿಚಿತ್ರ ಕಜ್ಜಿ ಏಳುತ್ತಿತ್ತು. ಶೋಧಿಸಿದಾಗ, ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಭಲ್ಲಾತಕದ ರಸವೇ ಕಾರಣವೆಂದು ತಿಳಿಯಿತು. ಅಂಗಿಯಲ್ಲಿ ಗುರುತು ಎಲ್ಲಿತ್ತೋ ಮೈಯಲ್ಲಿ ಕಜ್ಜಿಯೂ ಅಲ್ಲಿಯೇ. ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ತುಟಿ ಸುಟ್ಟುಕೊಳ್ಳದ ಮಕ್ಕಳು ಈ ಜಿಲ್ಲೆಯಲ್ಲಿ ಎಷ್ಟಿದ್ದಾರು? ಚೇರೆ ಮರದ ಹಾಲು ತಾಗಿದವನ ಅವಸ್ಥೆಯನ್ನೂ ಕಂಡಿದ್ದೇವೆ. ಇವೆಲ್ಲ ಒಂದೇ ಕುಲದ ಮರಗಳು.

ಆ ತಾಯಿಯ ಕೈಯ ಚೌಕ ಯಾವುದರ ಅಚ್ಚೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಲಗೈಯಲ್ಲಿ ಕಪ್ಪು ಪಟ್ಟಿಯ ಸ್ಮಾರ್ಟ್ ವಾಚು ಇತ್ತು. ಎಡಗೈ ಹುಣ್ಣಾದ ಮೇಲೆ ಬಲಗೈಗೆ ಕಟ್ಟಿಕೊಂಡಿದ್ದರು. ಅಲ್ಲಿಯೂ ಆಗಲೇ ಕೆಂಪೇರತೊಡಗಿತ್ತು.

“ಹಂಗಾದರ ಬಿಚ್ಚಿಡಬಾರದೇನ್ರೀ?” ಎಂದು ಯಾರೋ ಕೇಳಿದರು. ಅವರು ಒಪ್ಪಲಿಲ್ಲ. ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿ ಮೊದಲನೆಯ ಪಗಾರದಲ್ಲಿ ತಾಯಿಗೆ ಕೊಡಿಸಿದ ವಾಚು ಅದು. ತಾಯಿಗೆ ರಕ್ತದೊತ್ತಡ, ಆಗಾಗ ಎದೆ ಹಾರುತ್ತದೆ. ದಿನವೂ ರಾತ್ರಿ ಮಗ ಫೋನು ಮಾಡಿ, ‘ವಾಚಿನಾಗ ಎಷ್ಟು ತೋರಸ್ತದ ಅವ್ವಾ?’ ಎಂದು ಕೇಳುತ್ತಾನೆ. ಅಂಕಿ ಹೇಳಿದರೆ ಅವನಿಗೆ ನಿದ್ದೆ. ಕೈ ಹುಣ್ಣಾದ ಸಂಗತಿಯನ್ನು ಅವನಿಗೆ ತಿಳಿಸಿಯೇ ಇಲ್ಲ. “ನೀವೂ ಹೇಳಬ್ಯಾಡ್ರಿ, ಮನಸಿಗೆ ಹಚ್ಚಿಕೋತಾನ” ಎಂದು ನಮ್ಮಿಂದಲೂ ಮಾತು ತೆಗೆದುಕೊಂಡರು.

ಒಂದೇ ಕೈಯಲ್ಲಿ ಎರಡು ರೋಗ

ಮದುವೆಯ ಮರುದಿನ ಗೆಳೆಯರು ಅವರನ್ನು ಸೊಲ್ಲಾಪುರದ ಚರ್ಮವೈದ್ಯರಲ್ಲಿಗೆ ಕರೆದೊಯ್ದರು. ನಾವೂ ಜೊತೆಗಿದ್ದೆವು. ವೈದ್ಯರು ಮರಾಠಿಯಲ್ಲಿ ಖಾಜ ಬರುತ್ತದೆಯೇ ಎಂದು ಕೇಳಿದರು. ತಾಯಿ ಹೌದೆಂದು ತಲೆಯಾಡಿಸಿ ಸುಮ್ಮನಾದರು. ಕೇಳಿದ್ದಕ್ಕೆಲ್ಲ ಒಂದೊಂದೇ ಮಾತು. ಕೊನೆಗೆ ವೈದ್ಯರೇ ಕನ್ನಡಕ್ಕೆ ತಿರುಗಿ, “ಅವ್ವಾ, ಮೊದಲ ಎಂದರ ಹಿಂಗ ತಿಂಡಿ ಆಗಿತ್ತೇನು?” ಎಂದು ಕೇಳಿದಾಗ ಕಟ್ಟೆ ಒಡೆಯಿತು. ಜಾತ್ರೆಯಲ್ಲಿ ಕೊಂಡ ಓಲೆ ಹಾಕಿಕೊಂಡಾಗ ಕಿವಿ ಹಣ್ಣಾದದ್ದು, ಬಂಗಾರದ ಸರ ಅಡವಿಟ್ಟ ವರ್ಷ ನಕಲಿ ಸರ ಹಾಕಿಕೊಂಡು ಕುತ್ತಿಗೆಯೆಲ್ಲ ಕೆರೆದುಕೊಂಡದ್ದು, ಎಲ್ಲವೂ ಹೊರಗೆ ಬಂತು. ರೋಗದ ಜಾತಕ ಆ ನಾಲ್ಕು ಮಾತಿನಲ್ಲಿತ್ತು. ಇಲ್ಲಿ ಆಸ್ಪತ್ರೆಯ ಚೀಟಿ ಹಿಡಿದು, ತುರಿಕೆಗೆ ಚೊರಿಚ್ಚಿಲ್ ಎಂದಷ್ಟೇ ಹೇಳಿ ಉಳಿದುದನ್ನು ನುಂಗಿಕೊಂಡು ಬರುವ ನಮ್ಮ ಅಜ್ಜಿಯಂದಿರ ನೆನಪು ಬಾರದಿರಲಿಲ್ಲ.

ವೈದ್ಯರು ವಿವರಿಸಿದ್ದರ ಸಾರ ಇಷ್ಟು. ಕೈಯಲ್ಲಿರುವುದು ಒಂದಲ್ಲ, ಎರಡು ರೋಗ. ವಾಚಿನ ಹೊಟ್ಟೆಯ ಅಡಿಯಲ್ಲಿ ಕೆಂಪಾದದ್ದು ಬರಿಯ ಉರಿಯೂತ. ನಾಡಿ ಎಣಿಸುವ ಹಸಿರು ಬೆಳಕು ಚರ್ಮದೊಳಗೆ ಹಾಯ್ದು ರಕ್ತದ ಏರಿಳಿತವನ್ನು ಅಳೆಯಬೇಕಾದರೆ ವಾಚು ಮೈಗೆ ಅಂಟಿಕೊಂಡೇ ಇರಬೇಕು. ಅಂಟಿಕೊಂಡಲ್ಲಿ ಬೆವರು ಆರುವುದಿಲ್ಲ. ಪಾತ್ರೆ ತೊಳೆದ ಸಾಬೂನು, ಕಲಸಿದ ಹಿಟ್ಟು, ಹೊಲದ ಧೂಳು ಅಲ್ಲಿಯೇ ನಿಂತು ಚರ್ಮ ಮೆತ್ತಗಾಗಿ ಸವೆಯುತ್ತದೆ. ಬೆಳಕು ಸುಡುತ್ತದೆಂದು ಹಲವರು ಹೆದರುವುದುಂಟು. ಸಾಮಾನ್ಯವಾಗಿ ಕಾರಣ ಬೆಳಕಲ್ಲ, ತೇವ ಮತ್ತು ತಿಕ್ಕಾಟ. ಇದು ಯಾರಿಗೂ ಬರಬಹುದು. ಬಿಚ್ಚಿ, ತೊಳೆದು, ಒಣಗಿಸಿದರೆ ಹೆಚ್ಚಿನವರಿಗೆ ತಾನಾಗಿ ಮಾಯುತ್ತದೆ.

ಕೊಂಡಿಯ ಅಡಿಯ ನೀರ್ಗುಳ್ಳೆಯ ಕಥೆ ಬೇರೆ. ಅದು ಅಲರ್ಜಿ. ಕೊಂಡಿಯ ಲೋಹದಲ್ಲಿ ನಿಕೆಲ್ ಇದ್ದರೆ ಬೆವರಿನ ಉಪ್ಪು ಅದನ್ನು ಕಣ್ಣಿಗೆ ಕಾಣದಷ್ಟು ಕರಗಿಸಿ ಚರ್ಮದೊಳಗೆ ಇಳಿಸುತ್ತದೆ. ಕೆಲವರ ಮೈ ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಆ ಗುರುತು ಬಿದ್ದ ಮೇಲೆ ಸಾಮಾನ್ಯವಾಗಿ ಜನ್ಮಪೂರ್ತಿ ಅಳಿಯುವುದಿಲ್ಲ. ನಿಕೆಲ್ ತಾಗಿದ ಒಂದೆರಡು ದಿನಗಳಲ್ಲಿ ಗುಳ್ಳೆ ಏಳುತ್ತದೆ. ಕಿವಿ ಚುಚ್ಚಿಸಿ ಅಗ್ಗದ ಓಲೆ ಹಾಕುವುದರಿಂದ ಈ ಗುರುತು ಬೀಳುವುದು ಹೆಚ್ಚಾದ ಕಾರಣ, ಇದು ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಇಷ್ಟು ವರ್ಷ ಕಟ್ಟಿದ್ದೇನೆ, ಏನೂ ಆಗಿಲ್ಲ ಎಂಬ ವಾದ ಇಲ್ಲಿ ನಿಲ್ಲದು. ಮೈ ವೈರಿಯನ್ನು ಗುರುತಿಸಲು ವಾರಗಳೂ ಸಾಕು, ವರ್ಷಗಳೂ ಬೇಕಾಗಬಹುದು.

ವೈದ್ಯರು ಹತ್ತಿಯ ಕಡ್ಡಿಗೆ ಎರಡು ದ್ರಾವಣಗಳ ಹನಿ ಹಾಕಿ ಕೊಂಡಿಯನ್ನು ಉಜ್ಜಿದರು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು; ನಿಕೆಲ್ ಇದೆ ಎಂದರ್ಥ. ವಾಚಿನ ಬೆನ್ನನ್ನು ಉಜ್ಜಿದಾಗ ಬಣ್ಣ ಬರಲಿಲ್ಲ. ಕೈ ಮಾಯಿದ ಮೇಲೆ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಸಂಶಯದ ವಸ್ತುಗಳನ್ನು ಚಿಕ್ಕ ಚಿಕ್ಕ ಬಿಲ್ಲೆಗಳಲ್ಲಿಟ್ಟು ಅಂಟಿಸಿ, ಎರಡು ದಿನದ ಬಳಿಕ ತೆಗೆದು ನೋಡುವುದು, ನಾಲ್ಕನೆಯ ದಿನದ ಹೊತ್ತಿಗೆ ಮತ್ತೊಮ್ಮೆ ನೋಡುವುದು ಇದರ ಕ್ರಮ. ನಿಕೆಲಿನ ಬಿಲ್ಲೆಯ ಅಡಿಯಲ್ಲಿ ಕೆಂಪಗೆ ಉಬ್ಬಿತೆಂದು ಗೆಳೆಯರು ಬಳಿಕ ಫೋನಿನಲ್ಲಿ ತಿಳಿಸಿದರು.

ಹತ್ತು ಲಕ್ಷ ಪಟ್ಟಿಗಳು ಹಿಂದೆ ಬಂದುವು

ಇದು ವಳಸಂಗದ ಒಬ್ಬರ ಗೋಳು ಮಾತ್ರವಲ್ಲ. ಅಮೆರಿಕದ ಫಿಟ್‌ಬಿಟ್ ಕಂಪೆನಿಯು ‘ಫೋರ್ಸ್’ ಎಂಬ ಕೈಪಟ್ಟಿಯನ್ನು 2013ರಲ್ಲಿ ಮಾರುಕಟ್ಟೆಗೆ ತಂದಿತ್ತು. ಕೆಲವೇ ತಿಂಗಳಲ್ಲಿ ದೂರುಗಳು ಹರಿದುಬಂದು, 2014ರ ಫೆಬ್ರವರಿಯಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಮಾರ್ಚಿನಲ್ಲಿ ಅಲ್ಲಿಯ ಗ್ರಾಹಕ ಸುರಕ್ಷತಾ ಆಯೋಗ ಪ್ರಕಟಿಸಿದಂತೆ, ಹಿಂದಕ್ಕೆ ಕರೆಸಿದ ಪಟ್ಟಿಗಳು ಅಮೆರಿಕದಲ್ಲಿ ಸುಮಾರು 10 ಲಕ್ಷ, ಕೆನಡಾದಲ್ಲಿ 28,000. ಚರ್ಮ ಕೆರಳಿದ ದೂರುಗಳು ಸುಮಾರು 9,900; ಬೊಕ್ಕೆ ಎದ್ದವು 250ರಷ್ಟು. ಉಕ್ಕಿನಲ್ಲಿರುವ ನಿಕೆಲ್, ಅಂಟು ಮತ್ತು ಪಟ್ಟಿಯ ಇತರ ಸಾಮಗ್ರಿಗಳಿಂದ ಅಲರ್ಜಿ ಆಗಿರಬಹುದೆಂದು ಕಂಪೆನಿಯೇ ಹೇಳಿತು. ಹೆಚ್ಚುಕಡಿಮೆ ನೂರಕ್ಕೆ ಒಬ್ಬರ ಲೆಕ್ಕ. ತೊಂಬತ್ತೊಂಬತ್ತು ಮಂದಿಗೆ ಏನೂ ಆಗಲಿಲ್ಲವೆಂಬುದು ಆ ಒಬ್ಬನ ಕೈಗೆ ಸಮಾಧಾನವಲ್ಲ.

ಯುರೋಪಿನವರು ಇನ್ನೂ ಮುಂಚಿತವಾಗಿ ಎಚ್ಚತ್ತಿದ್ದರು. ಮೈಗೆ ತಾಗಿಕೊಂಡಿರುವ ಒಡವೆ, ವಾಚು, ಗುಂಡಿಗಳಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕೆಲ್ ಬಿಡುಗಡೆಯಾಗಬಾರದೆಂದು 1994ರಲ್ಲಿಯೇ ನಿಯಮ ಮಾಡಿದರು.

ಕಟ್ಟುವವರು ಗಮನಿಸಬೇಕಾದ್ದು

ಸೊಲ್ಲಾಪುರದ ಒಣ ಬಿಸಿಲಿನಲ್ಲಿಯೇ ಹೀಗಾದರೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಒಗೆದ ಬಟ್ಟೆಯೇ ಆರದ ನಮ್ಮ ಆಟಿಯ ತಿಂಗಳಲ್ಲಿ ಕೇಳುವುದೇ ಬೇಡ. ಆದುದರಿಂದ ಕೆಲವು ಮಾತು.

ಸ್ನಾನಕ್ಕೆ, ಪಾತ್ರೆ ತೊಳೆಯಲಿಕ್ಕೆ, ತೋಟದ ಕೆಲಸಕ್ಕೆ ವಾಚು ಬಿಚ್ಚಿಡಿರಿ. ದಿನದಲ್ಲಿ ಕೆಲವು ಗಂಟೆಯಾದರೂ ಕೈಗೆ ಗಾಳಿಯಾಡಲಿ. ಪಟ್ಟಿಯನ್ನೂ ವಾಚಿನ ಬೆನ್ನನ್ನೂ ಒರೆಸಿ, ಒಣಗಿದ ಮೇಲೆಯೇ ಕಟ್ಟಿರಿ. ಅಚ್ಚು ಮೂಡುವಷ್ಟು ಬಿಗಿಯಬೇಡಿರಿ. ಕೆಂಪಾದರೆ ಈ ಕೈಯಿಂದ ಆ ಕೈಗೆ ಬದಲಾಯಿಸುವುದು ಪರಿಹಾರವಲ್ಲ. ಮಾಯುವ ತನಕ ಬಿಚ್ಚಿಡುವುದೇ ಪರಿಹಾರ. ನಕಲಿ ಒಡವೆ ಆಗದವರು ಲೋಹದ ಕೊಂಡಿ ಇಲ್ಲದ ಬಟ್ಟೆಯ ಪಟ್ಟಿ ಹಾಕಿಸಿಕೊಳ್ಳುವುದು ಲೇಸು. ಬಿಚ್ಚಿಟ್ಟರೂ ಮಾಯದಿದ್ದರೆ, ನೀರೊಸರಿದರೆ ವೈದ್ಯರಿಗೆ ತೋರಿಸಬೇಕು. ವಾಚು ಮುಟ್ಟಲಾಗದಷ್ಟು ಬಿಸಿಯಾದರೆ ಅದು ಬೇರೆಯೇ ಸಂಗತಿ, ಬ್ಯಾಟರಿಯ ದೋಷ. ಆ ಕ್ಷಣವೇ ಬಿಚ್ಚಿ ದೂರ ಇಡಬೇಕು.

ಮುಲಾಮಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಕೇಳಿ ತರುವ ಹಲವು ಮುಲಾಮುಗಳಲ್ಲಿ ಬಲವಾದ ಸ್ಟಿರಾಯ್ಡ್ ಇರುತ್ತದೆ. ಅದು ರೋಗವನ್ನು ಮುಚ್ಚಿಡುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇಂಥವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಎಚ್ ಪಟ್ಟಿಗೆ ಸೇರಿಸಿದೆ. ನಿಯಮ ಪುಸ್ತಕದಲ್ಲಿದೆ, ಮುಲಾಮು ಅಂಗಡಿಯಲ್ಲಿದೆ.

ಇನ್ನೊಂದು ಮಾತನ್ನೂ ಆ ವೈದ್ಯರು ಹೇಳಿದ್ದರು: ಕೈಯ ವಾಚು ವೈದ್ಯನಲ್ಲ. ರಕ್ತದೊತ್ತಡವನ್ನು ತೋಳಿಗೆ ಪಟ್ಟಿ ಸುತ್ತಿ ಅಳೆಸಬೇಕು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು. ಇದನ್ನು ಕೇಳಿ ಆ ತಾಯಿಯ ಮುಖ ಸಣ್ಣದಾಯಿತು. ವಾಚು ಬಂದ ಮೇಲೆ ಮಾತ್ರೆಯನ್ನು ಆಗೊಮ್ಮೆ ಈಗೊಮ್ಮೆ ಬಿಟ್ಟದ್ದುಂಟೆಂದು ಆಗ ಒಪ್ಪಿಕೊಂಡರು. ಅಂಕಿ ಸರಿಯಾಗಿಯೇ ಇತ್ತಲ್ಲ ಎಂಬ ಧೈರ್ಯ. ಕೈಯ ಹುಣ್ಣಿಗಿಂತ ಇದು ಹೆಚ್ಚಿನ ಅಪಾಯವೆಂದು ನಮಗೆ ಅನಿಸಿತು.

ಆ ದಿನ ರಾತ್ರಿ ಎಂದಿನಂತೆ ಮಗನ ಫೋನು ಬಂತು. ಹೇಳಬಾರದೆಂದು ನಮ್ಮಿಂದ ಮಾತು ತೆಗೆದುಕೊಂಡಿದ್ದವರು ತಾವೇ ಹೇಳಿದರು. ವಾಚು ದೇವರ ಜಗಲಿಯ ಮೇಲಿದೆ, ಕೈ ಮಾಯುವ ತನಕ ಅಲ್ಲಿಯೇ ಇರುತ್ತದೆ, ಅಂಕಿ ಹೇಳಲಾಗುವುದಿಲ್ಲ ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ, “ಮೊದಲ ಹೇಳಬಾರದೇನವ್ವಾ?” ಎಂಬ ಮಾತು ನಮಗೂ ಕೇಳಿಸಿತು.

ತಿಂಗಳ ಮೇಲೆ ಗೆಳೆಯರಿಂದ ಸುದ್ದಿ ಬಂತು. ಕೈ ಮಾಯಿದೆ, ಕಲೆ ಮಾತ್ರ ಉಳಿದಿದೆ. ಮಗ ಬಟ್ಟೆಯ ಪಟ್ಟಿ ಕಳುಹಿಸಿದ್ದಾನೆ. ಹಗಲು ನಾಲ್ಕು ಗಂಟೆ ಕಟ್ಟುತ್ತಾರೆ, ರಾತ್ರಿ ಬಿಚ್ಚಿಡುತ್ತಾರೆ. ರಾತ್ರಿಯ ಫೋನು ತಪ್ಪಿಲ್ಲ. ಈಗ ಅವನು ಮೊದಲು ಕೇಳುವುದು ಅಂಕಿಯನ್ನಲ್ಲ, ಮಾತ್ರೆ ನುಂಗಿದಿಯಾ ಎಂದು. ರೊಟ್ಟಿ ಮತ್ತೆ ಎರಡೂ ಕೈಯಲ್ಲಿ ತಟ್ಟುತ್ತಿದ್ದಾರಂತೆ.