ಅರಳು ಮರಳಿನ ಮೂಲ ಹುಡುಕುತ್ತ ಶ್ರೀನಿವಾಸಪುರಕ್ಕೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಬಹು ಸಲೀಸಾಗಿ ಬಳಕೆಯಾಗುತ್ತದೆ. ಮನೆಯ ಹಿರಿಯರು ಈಗ ತಾನೇ ಉಂಡದ್ದನ್ನು ಮರೆತರೂ, ನಿತ್ಯ ಓಡಾಡುವ ಬೀದಿಯಲ್ಲೇ ದಾರಿ ತಪ್ಪಿದರೂ ಅದು ವಯೋಸಹಜವೆಂದು ಸುಮ್ಮನಾಗುವವರೇ ಹೆಚ್ಚು. ವೈದ್ಯವಿಜ್ಞಾನ ಇದನ್ನು ಒಪ್ಪುವುದಿಲ್ಲ. ಪರಿಚಿತರ ಹೆಸರು ತಟ್ಟನೆ ಹೊಳೆಯದಿರುವುದು ಮುಪ್ಪಿನ ಲಕ್ಷಣವಿರಬಹುದು. ಆದರೆ ದಿನನಿತ್ಯದ ಕೆಲಸಗಳನ್ನೇ ನಿಭಾಯಿಸಲಾಗದಷ್ಟು ಮರೆವು ರೋಗದ ಲಕ್ಷಣ. ಡಿಮೆನ್ಷಿಯಾ ಎಂದು ಕರೆಯಲಾಗುವ ಈ ಸ್ಥಿತಿಗೆ ಅಲ್ಜೈಮರ್ ಕಾಯಿಲೆಯೇ ಪ್ರಮುಖ ಕಾರಣ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇ. 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾ ಪೀಡಿತರು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಆದರೆ ಈ ರೋಗದ ಕುರಿತ ಜಗತ್ತಿನ ತಿಳಿವಳಿಕೆಯ ಬಹುಪಾಲು ಬಂದಿರುವುದು ಅಮೆರಿಕ ಮತ್ತು ಯೂರೋಪಿನ ವಿದ್ಯಾವಂತ ವೃದ್ಧರಿಂದ. ಈ ಕೊರತೆಯನ್ನು ತುಂಬುವ ಪ್ರಯತ್ನ ಕರ್ನಾಟಕದಲ್ಲೇ ನಡೆದಿದೆ. ಅದರ ಹಿಂದಿರುವವರು ನರವಿಜ್ಞಾನಿ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್.

ಜೀವಕೋಶದಿಂದ ಜನರೆಡೆಗೆ

ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಅವರು, ಅಮೆರಿಕದಲ್ಲಿ ಉನ್ನತ ಸಂಶೋಧನೆ ನಡೆಸಿ 1986ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಔಷಧಿಗಳು ಮಿದುಳಿನೊಳಗೆ ಹೇಗೆ ರೂಪಾಂತರ ಹೊಂದುತ್ತವೆ ಎಂಬುದು ಅವರ ಆರಂಭದ ಸಂಶೋಧನಾ ವಿಷಯ. 1996ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಬಳಿಕ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾಗಿದ್ದು, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮರುವರ್ಷ ಪದ್ಮಶ್ರೀ ಸಂದಿತು.

ಅಶ್ವಗಂಧದ ಬೇರಿನ ಸಾರವು ಅಲ್ಜೈಮರ್ ಮಾದರಿಯ ಇಲಿಗಳ ಮಿದುಳಿನಲ್ಲಿ ಶೇಖರವಾದ ಅಮೈಲಾಯ್ಡ್ ಪ್ರೋಟೀನನ್ನು ತಗ್ಗಿಸುತ್ತದೆಂದು 2012ರಲ್ಲಿ ಅವರ ತಂಡ ವರದಿ ಮಾಡಿದಾಗ ಅದು ವ್ಯಾಪಕ ಗಮನ ಸೆಳೆಯಿತು. ಆ ಸಾರ ಮಿದುಳಿನಲ್ಲಲ್ಲ, ಪಿತ್ತಜನಕಾಂಗದಲ್ಲಿ ಕೆಲಸ ಮಾಡಿ ರಕ್ತದಿಂದ ಅಮೈಲಾಯ್ಡನ್ನು ಸೆಳೆದುಕೊಳ್ಳಲು ನೆರವಾಗುತ್ತದೆ ಎಂಬುದು ಅಲ್ಲಿನ ಹೊಸ ಸಂಗತಿ. ಆದರೆ ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯರಿಗೆ ಮದ್ದಾಗುವುದಿಲ್ಲ. ಅಲ್ಜೈಮರ್ ಸಂಶೋಧನೆಯ ಇತಿಹಾಸದಲ್ಲಿ ಇಲಿಗಳನ್ನು ಗುಣಪಡಿಸಿ ಮನುಷ್ಯರ ಮುಂದೆ ಸೋತ ಔಷಧಿಗಳು ಅನೇಕ.

ಮಿದುಳಿನಲ್ಲಿ ಬದಲಾವಣೆ ಆರಂಭವಾಗಿ ಹದಿನೈದು, ಇಪ್ಪತ್ತು ವರ್ಷಗಳ ನಂತರವಷ್ಟೇ ಮರೆವು ಕಾಣಿಸಿಕೊಳ್ಳುತ್ತದೆ. ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನರಕೋಶಗಳು ಬಹಳಷ್ಟು ನಶಿಸಿರುತ್ತವೆ. ಆದ್ದರಿಂದ ಆರೋಗ್ಯವಂತರನ್ನೇ ವರ್ಷಾನುಗಟ್ಟಲೆ ಹಿಂಬಾಲಿಸಿ, ಯಾರಿಗೆ ಯಾವಾಗ ಏಕೆ ಮರೆವು ಬಂದಿತೆಂದು ಗುರುತಿಸಬೇಕು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದಲ್ಲಿ ಆರಂಭವಾದ ಅಧ್ಯಯನ, ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು ಸ್ಪಷ್ಟಪಡಿಸಿದ್ದು ಇದೇ ವಿಧಾನದಿಂದ.

ಮಾವಿನ ಊರಿನಲ್ಲಿ ಮಿದುಳಿನ ಅಧ್ಯಯನ

ಇನ್ಫೋಸಿಸ್ ಸಹ ಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ 2014ರಲ್ಲಿ ಘೋಷಿಸಿದ 225 ಕೋಟಿ ರೂಪಾಯಿ ನೆರವಿನಿಂದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ತಲೆಯೆತ್ತಿತು. ಪ್ರೊ. ವಿಜಯಲಕ್ಷ್ಮಿ ಅದರ ಸ್ಥಾಪಕ ನಿರ್ದೇಶಕಿ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ದೀರ್ಘಕಾಲ ಗಮನಿಸುವುದು ಕೇಂದ್ರದ ಪ್ರಮುಖ ಯೋಜನೆ. ಹೋಲಿಕೆಗಾಗಿ ಬೆಂಗಳೂರಿನ 1,000 ಮಂದಿಯ ಅಧ್ಯಯನ ಪ್ರತ್ಯೇಕವಾಗಿದೆ. ಸ್ಮರಣಶಕ್ತಿಯ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ, ವಂಶವಾಹಿ ವಿಶ್ಲೇಷಣೆ, ಆಹಾರ ಮತ್ತು ಜೀವನಕ್ರಮದ ವಿವರ ಎಲ್ಲವೂ ಇದರಲ್ಲಿ ಸೇರಿವೆ.

ಹಳ್ಳಿಯಲ್ಲಿ ಎದುರಾಗುವ ಮೊದಲ ತೊಡಕು ಪರೀಕ್ಷೆಯದೇ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಬಳಕೆಗೆ ಬಂದ ಪ್ರಶ್ನಾವಳಿಯಲ್ಲಿ ನೂರರಿಂದ ಏಳನ್ನು ಕಳೆಯುತ್ತ ಹೋಗಬೇಕು, ವಾಕ್ಯವೊಂದನ್ನು ಬರೆಯಬೇಕು. ಶಾಲೆಯ ಮೆಟ್ಟಿಲನ್ನೇ ಹತ್ತದ ರೈತ ಮಹಿಳೆ ಇದರಲ್ಲಿ ಸೋತರೆ ಅದು ಮರೆವಲ್ಲ, ಅನಕ್ಷರತೆ. ಹರಿಯಾಣದ ಬಲ್ಲಭಗಢದ ಗ್ರಾಮಸ್ಥರಿಗಾಗಿ 1990ರ ದಶಕದಲ್ಲಿ ಸಿದ್ಧವಾದ ಹಿಂದಿ ಆವೃತ್ತಿ ಇದಕ್ಕೆ ದಾರಿ ತೋರಿತು. ಅಲ್ಲಿ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿದರೆ ಸಾಕು. ಬರೆಯುವ ಬದಲು ಮನೆಯ ಬಗ್ಗೆ ಒಂದು ಮಾತು ಆಡಿದರಾಯಿತು. ಪರೀಕ್ಷೆಯೇ ತಪ್ಪಿದರೆ ಆರೋಗ್ಯವಂತರು ರೋಗಿಗಳೆನಿಸುತ್ತಾರೆ, ಅಥವಾ ನಿಜವಾದ ರೋಗಿ 'ಓದಿಲ್ಲದವರು' ಎಂಬ ನೆಪದಲ್ಲಿ ಕಣ್ತಪ್ಪಿ ಹೋಗುತ್ತಾರೆ.

ಮದ್ದಿಗಿಂತ ಮುನ್ನೆಚ್ಚರಿಕೆ

2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲೆಕನೆಮಾಬ್ ಔಷಧಿ, ರೋಗದ ಆರಂಭಿಕ ಹಂತದಲ್ಲಿರುವವರ ಕುಸಿತವನ್ನು ಹದಿನೆಂಟು ತಿಂಗಳಲ್ಲಿ ಶೇ. 27ರಷ್ಟು ನಿಧಾನಗೊಳಿಸಿತು. ಕಳೆದುಹೋದ ನೆನಪನ್ನು ಅದು ಮರಳಿಸುವುದಿಲ್ಲ. ಇನ್ನೊಂದೆಡೆ, ಲ್ಯಾನ್ಸೆಟ್ ಆಯೋಗ 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿತು. ಶಿಕ್ಷಣದ ಕೊರತೆ, ಕಿವುಡು, ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನ ಇವುಗಳಲ್ಲಿ ಕೆಲವು. ಇವೆಲ್ಲವನ್ನೂ ನಿವಾರಿಸಿದರೆ ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂಬುದು ಆಯೋಗದ ಲೆಕ್ಕಾಚಾರ.

ಈ ಲೆಕ್ಕ ಇಡೀ ಜಗತ್ತಿನದು. ಭಾರತದ ಹಳ್ಳಿಯಲ್ಲಿ ಇವುಗಳ ಪೈಕಿ ಯಾವುದರ ಭಾರ ಎಷ್ಟೆಂಬುದನ್ನು ಹಳ್ಳಿಯ ಜನರಿಂದಲೇ ತಿಳಿಯಬೇಕು. ಅದಕ್ಕೆ ದಶಕಗಳ ತಾಳ್ಮೆ ಬೇಕು. ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ: ನಡುವಯಸ್ಸಿನಲ್ಲೇ ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ಹತೋಟಿಯಲ್ಲಿಡುವುದು, ಕಿವಿ ಮಂದವಾದ ಹಿರಿಯರಿಗೆ ಶ್ರವಣಸಾಧನ ಕೊಡಿಸುವುದು ಮತ್ತು ಹಿರಿಯರ ಮರೆವು ಹೆಚ್ಚುತ್ತಿದ್ದರೆ ಅರಳು ಮರಳೆಂದು ನಕ್ಕು ಬಿಡದೆ ವೈದ್ಯರ ಬಳಿ ಕರೆದೊಯ್ಯುವುದು.